ಬಸುವಿನ ಆಟದಲ್ಲಿ ನನ್ನ ಕೈ

ಹೋದ ವಾರ ಮಗಳನ್ನು ಚಿತ್ರಕಲೆಯ ಕ್ಲಾಸಿಗೆ ಸೇರಿಸಲೆಂದು ನಾಸಿಕ್‌ನ ಗಂಗಾಪುರ ರಸ್ತೆಯ ಒಂದು ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನ ಅಂಗಡಿಯಿಂದ ವಡಾ ಕರಿಯುವ ಎಣ್ಣೆಯ ವಾಸನೆ, ಮೇಲಿನಿಂದ ಆಗಷ್ಟೇ ಒರೆಸಿದ ಫಿನೈಲಿನ ವಾಸನೆ. ಎರಡೂ ಕೂಡಿ ಮೂಗಿಗೆ ಬಡಿದಾಗ ಅರ್ಧಕ್ಕೇ ನಿಂತುಬಿಟ್ಟೆ. ಒಂದಿಡೀ ಮಳೆಗಾಲ ವಾರಕ್ಕೆ ಮೂರು ಸಲ ಇದೇ ಮೆಟ್ಟಿಲು ಹತ್ತಿದವಳು ನಾನು, ನನ್ನ ತಮ್ಮ ಬಸವರಾಜನ ಜೊತೆ. ಆಗ ಮೊದಲ ಮಹಡಿಯಲ್ಲಿ ಚಿತ್ರಕಲೆ ಇರಲಿಲ್ಲ. ಗೋಡೆಗೆ ಮುಖ ಮಾಡಿದ ಐದು ಕಂಪ್ಯೂಟರುಗಳಿದ್ದವು. ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದವರು ಅವುಗಳ ಮುಂದೆ ಕೂತು ಆಟ ಆಡುತ್ತಿದ್ದರು. “ಮಮ್ಮಿ, ಲೌಕರ್ ಬಾ,” ಎಂದು ಮಗಳು ಮೇಲಿನಿಂದ ಅರ್ಧ ಮರಾಠಿಯಲ್ಲಿ ಅವಸರ ಮಾಡಿದಳು. ಉಳಿದರ್ಧ ಮೆಟ್ಟಿಲು ಹತ್ತಲು ನನಗೆ ತುಸು ಹೊತ್ತು ಬೇಕಾಯಿತು.

ನಾವು ಕಲಬುರಗಿ ಜಿಲ್ಲೆಯ ಆಳಂದ ಕಡೆಯವರು. ಅಪ್ಪ ಗೌಂಡಿ. ಮಹಾರಾಷ್ಟ್ರದ ಔರಂಗಾಬಾದ್ ಪಕ್ಕದ ಶೇಂದ್ರಾದಲ್ಲಿ ಕಾರ್ಖಾನೆಗಳು ಏಳುತ್ತಿದ್ದಾಗ ಅವುಗಳ ಗೋಡೆ ಕಟ್ಟಲು ಹೋದವನು ಅಲ್ಲೇ ಉಳಿದ. ನಾನು ಅಜ್ಜಿಯ ಹತ್ತಿರ ಊರಲ್ಲಿದ್ದು ಕನ್ನಡ ಶಾಲೆ ಮುಗಿಸಿ ಆಮೇಲೆ ಹೋದೆ. ಬಸು ಅಲ್ಲಿಯೇ ಮರಾಠಿ ಶಾಲೆಯಲ್ಲಿ ಓದುತ್ತಿದ್ದ, ಅವನಿಗೆ ಆಗ ಏಳು ವರ್ಷ. ಅಪ್ಪ ಅವ್ವ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋದರೆ ಅವನ ತಲೆ ಬಾಚುವುದು, ಡಬ್ಬಿ ಕಟ್ಟುವುದು, ಚಪ್ಪಲಿ ಹುಡುಕಿ ಕೊಡುವುದು ನನ್ನ ಪಾಲು. ಅವನು ಅಂಗಿಯ ಒಂದು ಗುಂಡಿ ಹಾಕುವುದರೊಳಗೆ ಉಳಿದ ನಾಲ್ಕನ್ನು ನಾನು ಹಾಕಿರುತ್ತಿದ್ದೆ. ನಿಧಾನ ಎನ್ನುವುದು ನನ್ನ ಜಾತಕದಲ್ಲೇ ಇಲ್ಲ. ಮದುವೆಯಾಗಿ ನಾಸಿಕ್‌ಗೆ ಬಂದ ಮೇಲೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಬೆಳಿಗ್ಗೆ ಕೊಟ್ಟರೆ ಸಂಜೆಗೆ ತಯಾರು ಎಂದು ನಮ್ಮ ಓಣಿಯಲ್ಲಿ ಹೆಸರು.

ಬಸು ಐಟಿಐ ಮಾಡಿ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಯಂತ್ರದ ಬಿಡಿಭಾಗಗಳನ್ನು ಅಳತೆ ನೋಡಿ ಸರಿ, ತಪ್ಪು ಎಂದು ಬೇರ್ಪಡಿಸುವ ಕೆಲಸ. ಅಪ್ಪ ಅವ್ವ ತೀರಿಕೊಂಡಿದ್ದರು. ಛತ್ರಪತಿ ಸಂಭಾಜಿನಗರದಲ್ಲಿ ರೂಮು ಮಾಡಿಕೊಂಡು ಒಬ್ಬನೇ ಇದ್ದ. ಊರಿನ ಹೆಸರು ಬದಲಾದರೂ ಅವನ ಬಾಯಲ್ಲಿ ಅದು ಔರಂಗಾಬಾದೇ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವನಿಗೆ ಯಾರೂ ಆಡದ ಮಾತುಗಳು ಕೇಳಿಸತೊಡಗಿದವು. ಕಾರ್ಖಾನೆಯ ಸ್ಪೀಕರಿನಲ್ಲಿ ತನ್ನ ಹೆಸರು ಹಿಡಿದು ಬೈಯುತ್ತಾರೆ ಎಂದು ಊಟ ಬಿಟ್ಟ. ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು, ಮಾತ್ರೆ ಶುರುವಾಯಿತು, ತಿಂಗಳುಗಳು ಕಳೆದಂತೆ ಆ ದನಿಗಳು ದೂರ ಸರಿದವು. ಒಮ್ಮೆ ಕೆಲಸಕ್ಕೂ ಮರಳಿದ, ಆದರೆ ನಿಲ್ಲಲಾಗಲಿಲ್ಲ. ಒಂದು ಬ್ಯಾಗು ಹಿಡಿದು ನಮ್ಮ ಮನೆಗೆ ಬಂದಾಗ ಅವನಿಗೆ ಇಪ್ಪತ್ತೇಳು.

ಬಂದವನು ಶಾಂತವಾಗಿದ್ದ, ಆದರೆ ಯಾವುದೂ ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಕೊತ್ತಂಬರಿ, ಮೊಸರು ತಾ ಎಂದರೆ ಅಂಗಡಿಯ ಮುಂದೆ ನಿಂತು ಬರಿಗೈಲಿ ಬರುತ್ತಿದ್ದ. ಟಿವಿಯಲ್ಲಿ ಸಿನಿಮಾ ನೋಡಿದರೆ ಇವನ್ಯಾರು, ಅವಳ್ಯಾರು ಎಂದು ಕೇಳುತ್ತಿದ್ದ. ಪಕ್ಕದ ಮನೆಯವರು ಮೈಗಳ್ಳ ಎಂದರು, ನಾನೂ ಮನಸ್ಸಿನಲ್ಲಿ ಎರಡು ಸಲ ಹಾಗೆ ಅಂದುಕೊಂಡದ್ದುಂಟು. ನಾಸಿಕ್‌ನ ಡಾಕ್ಟರು ಬಿಡಿಸಿ ಹೇಳಿದರು: ಈ ಕಾಯಿಲೆ ಗಮನಕ್ಕೂ ನೆನಪಿಗೂ ಕೈ ಹಾಕುತ್ತದೆ, ದನಿಗಳಿಗೆ ನಾಟಿದಷ್ಟು ಮಾತ್ರೆ ಅಲ್ಲಿಗೆ ನಾಟುವುದಿಲ್ಲ. ಮಾತ್ರೆ ಬಿಡುವ ಹಾಗಿಲ್ಲ, ಅದರ ಜೊತೆಗೆ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಿಸೋಣ. ಕೆಲವರಿಗೆ ಚೆನ್ನಾಗಿ ಹಿಡಿಸುತ್ತದೆ, ಕೆಲವರಿಗೆ ಅಷ್ಟಾಗಿ ಇಲ್ಲ, ಪವಾಡ ಕೇಳಬೇಡಿ. ನಾನು ತಲೆಯಾಡಿಸಿದೆ, ಆದರೆ ಕೇಳಿದ್ದು ಪವಾಡವನ್ನೇ. ಶೇಂದ್ರಾದ ಸೂಪರ್‌ವೈಸರ್ ಜಾಧವ್ ಸಾಹೇಬರು ಫೋನಿನಲ್ಲಿ, “ದೀಪಾವಳಿ ಮುಗಿದ ಮೇಲೆ ಕರಕೊಂಡು ಬನ್ನಿ, ನೋಡೋಣ. ಅದರಾಚೆ ಜಾಗ ಹಿಡಿದಿಡುವುದು ನನ್ನ ಕೈಲಿಲ್ಲ,” ಎಂದಿದ್ದರು. ಆಗ ಜೂನ್ ಕೊನೆ, ನಮಗಿದ್ದದ್ದು ಒಂದು ಮಳೆಗಾಲ ಮತ್ತು ಅದರ ಬಾಲ.

ತರಬೇತಿ ಕೊಡುತ್ತಿದ್ದವರು ಅಶ್ವಿನಿ ಮೇಡಂ, ನನಗಿಂತ ಐದಾರು ವರ್ಷ ಚಿಕ್ಕವರು. ಮರಾಠಿಯಲ್ಲಿ ಮಾತು, ಎರಡು ಮಾತಿಗೊಮ್ಮೆ “ಹಳೂಹಳೂ”, ಅಂದರೆ ಮೆಲ್ಲಮೆಲ್ಲಗೆ. ಆ ಮಾತು ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ತೆರೆಯ ಮೇಲೆ ತರಕಾರಿಗಳ ಚಿತ್ರಗಳು ಒಂದೊಂದಾಗಿ ಬಂದು ಮಾಯವಾಗುತ್ತಿದ್ದವು, ಬಂದ ಕ್ರಮದಲ್ಲೇ ಅವನ್ನು ಆರಿಸಿ ಒತ್ತಬೇಕು. ಇನ್ನೊಂದು ಆಟದಲ್ಲಿ ಎರಡು ಸದ್ದು ಕೇಳಿಸಿ, ದನಿ ಏರಿತೋ ಇಳಿಯಿತೋ ಹೇಳಬೇಕು. ಮತ್ತೊಂದು ಹೋಟೆಲಿನ ಆಟ, ಯಾವ ಗಿರಾಕಿ ಏನು ಕೇಳಿದ ಎಂದು ನೆನಪಿಟ್ಟು ತಂದುಕೊಡಬೇಕು. ಸರಿಯಾದರೆ ಟಿಂಗ್ ಎಂದು ಹಸಿರು, ತಪ್ಪಾದರೆ ಡೊಂಯ್ ಎಂದು ಒಂದು ಕೆಟ್ಟ ಸದ್ದು. ಸರಿ ಹೆಚ್ಚಾದಂತೆ ಆಟ ತಾನಾಗಿ ಕಷ್ಟದ ಹಂತಕ್ಕೆ ಏರುತ್ತದೆ, ತಪ್ಪು ಹೆಚ್ಚಾದರೆ ತಾನಾಗಿ ಇಳಿಯುತ್ತದೆ. ಅವರವರ ಮೆದುಳಿಗೆ ತುಸುವೇ ಕಷ್ಟ ಅನ್ನಿಸುವ ಜಾಗದಲ್ಲಿ ನಿಲ್ಲಿಸುವುದೇ ಇದರ ಗುಟ್ಟು ಎಂದು ಮೇಡಂ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪಕ್ಕದ ಕಂಪ್ಯೂಟರಿನಲ್ಲಿ ಮಾಲೇಗಾಂವ್‌ನಿಂದ ಬಸ್ಸು ಹಿಡಿದು ಬರುವ ಸಲೀಂಭಾಯ್ ಕೂಡುತ್ತಿದ್ದರು. ಪವರ್‌ಲೂಮ್‌ನಲ್ಲಿ ದುಡಿದವರು. ತರಕಾರಿಯ ಆಟದಲ್ಲಿ ಬಸುವಿಗಿಂತ ಹಿಂದೆ, ಸದ್ದಿನ ಆಟದಲ್ಲಿ ಮಾತ್ರ ಅವರನ್ನು ಮುಟ್ಟುವವರಿರಲಿಲ್ಲ. ಅಷ್ಟು ಮಗ್ಗಗಳ ಗದ್ದಲದಲ್ಲಿ ಯಾವುದು ಕೆಟ್ಟಿದೆ ಎಂದು ಕಿವಿಯಲ್ಲೇ ಹಿಡಿಯುತ್ತಿದ್ದರಂತೆ. ತಪ್ಪಾಗಿ ಡೊಂಯ್ ಅಂದರೆ ಅವರು ನಗುತ್ತಿದ್ದರು. ಬಸುವೂ ಅವರನ್ನು ನೋಡಿ ನಗಲು ಕಲಿತ. ಮೊದಲ ತಿಂಗಳು ಹೀಗೆ, ಸೋಲುತ್ತ ನಗುತ್ತ, ಎರಡು ತರಕಾರಿಯಿಂದ ಮೂರಕ್ಕೆ ಬಂದ.

ಕೆಟ್ಟದ್ದು ಮನೆಯಲ್ಲಿ. ಕೇಂದ್ರವಿಲ್ಲದ ದಿನ ಮನೆಯಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಬೇಕಿತ್ತು. ನನ್ನ ಗಂಡ ಶರಣಪ್ಪ ತಮ್ಮ ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದರು. ಅದೇ ಖಾತೆ, ಮನೆಯಲ್ಲಿ ಏರಿದ ಹಂತ ಮರುದಿನ ಕೇಂದ್ರದಲ್ಲಿ ಅಲ್ಲಿಂದಲೇ ಶುರು. ಅವನು ಯೋಚಿಸುತ್ತ ಕೂತರೆ ಪಕ್ಕದಲ್ಲಿ ಹುಕ್ಸು ಹಚ್ಚುತ್ತಿದ್ದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೊದಲು ಕೆಮ್ಮಿದೆ. ಆಮೇಲೆ “ಬದನಿಕಾಯಿ” ಎಂದು ಪಿಸುಗುಟ್ಟಿದೆ. ಅದಾದ ಮೇಲೆ ಬೆರಳು ತೋರಿಸಿದೆ. ಜುಲೈ ಮುಗಿಯುವುದರೊಳಗೆ ಮೌಸ್ ನನ್ನ ಕೈಯಲ್ಲಿತ್ತು. ಎಲ್ಲವನ್ನೂ ಅಲ್ಲ, ಅವನು ತಡವರಿಸಿದಾಗ ಮಾತ್ರ ಎಂದು ನನಗೆ ನಾನೇ ಹೇಳಿಕೊಂಡೆ. ಆ ಡೊಂಯ್ ಸದ್ದು ಅವನಿಗಿಂತ ನನಗೇ ಹೆಚ್ಚು ಚುಚ್ಚುತ್ತಿತ್ತು.

ಹಂತಗಳು ಏರಿದವು. ನಾಲ್ಕು ತರಕಾರಿ, ಐದು, ಆರು. ಅಶ್ವಿನಿ ಮೇಡಂ ಕಂಪ್ಯೂಟರಿನಲ್ಲಿ ಅವನ ಅಂಕಗಳ ಗೆರೆ ಮೇಲೇರಿದ್ದನ್ನು ತೋರಿಸಿ ಇಷ್ಟು ಬೇಗ ನಿರೀಕ್ಷಿಸಿರಲಿಲ್ಲ ಎಂದರು. ನಾನು ಬೀಗಿದೆ. ಆ ಮೇಲೇರಿದ ಗೆರೆ ನನ್ನದು ಎಂಬುದು ಅಷ್ಟರಲ್ಲಿ ನನಗೇ ಮರೆತುಹೋಗಿತ್ತು, ಇದು ಸುಳ್ಳಲ್ಲ. ಜಾಧವ್ ಸಾಹೇಬರಿಗೆ ಫೋನ್ ಹಚ್ಚಿ ತಮ್ಮ ಎಲ್ಲರಿಗಿಂತ ಮುಂದಿದ್ದಾನೆ ಎಂದು ಹೇಳಿ ದಿನ ಗೊತ್ತು ಮಾಡಿಸಿಕೊಂಡೆ. ಆ ವಾರ ಧಾರಾಕಾರ ಮಳೆ, ಗೋದಾವರಿಯ ನೀರು ದಂಡೆಯ ದುತೋಂಡ್ಯಾ ಮಾರುತಿಯ, ಅಂದರೆ ಎರಡು ಮುಖದ ಹನುಮಂತನ ಮೂರ್ತಿಯ, ಸೊಂಟಕ್ಕೆ ಬಂದಿದೆ ಎಂದು ಊರೆಲ್ಲ ಹೊಳೆಯ ದಂಡೆಗೆ ಹೋಗಿತ್ತು. ಬಸುವನ್ನೂ ಕರೆದೆ. ಬರುವುದಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಗಣಪತಿ ಹಬ್ಬದ ಹೊತ್ತಿಗೆ ಅವನು ಕುಸಿದ. ಆರು ತರಕಾರಿಯ ಮುಂದೆ ಕೂತ ಮೂರರ ಮನುಷ್ಯ ಏನು ಮಾಡಿಯಾನು? ಕೇಂದ್ರದಲ್ಲಿ ಒತ್ತಿದ್ದೆಲ್ಲ ತಪ್ಪು. ಆಟ ಇಳಿಸಿದರೆ ಮರುದಿನ ಮನೆಯಲ್ಲಿ ನಾನು ಮತ್ತೆ ಏರಿಸಿಡುತ್ತಿದ್ದೆ. ಸಲೀಂಭಾಯ್ ಚೇಷ್ಟೆ ಮಾಡಿದರೂ ನಗು ಇಲ್ಲ. ಊಟ ಕಡಿಮೆಯಾಯಿತು. ಸಂಜೆ ಮೈದಾನದಲ್ಲಿ ಡೋಲು ಬಾರಿಸುವುದು ಶುರುವಾದರೆ ಕಿವಿ ಮುಚ್ಚಿ ಕೂಡುತ್ತಿದ್ದ. “ತಲಿ ಖಾಲಿ ಅದ ಅಕ್ಕಾ. ನಂಗ ಆಗಲ್ಲ,” ಎಂದ. ಕಾಯಿಲೆ ತಿರುಗಿ ಬಂತೆಂದುಕೊಂಡೆ. ಡಾಕ್ಟರ ಹತ್ತಿರ ಓಡಿದೆ. ಅವರು ಎಲ್ಲ ಕೇಳಿ, ದನಿಗಳು ಮರಳಿಲ್ಲ, ಮಾತ್ರೆ ಹಾಗೇ ಇರಲಿ, ಅಶ್ವಿನಿಯವರ ಜೊತೆ ಕೂತು ಮಾತಾಡಿ ಎಂದರು.

ಮೇಡಂ ಬಾಗಿಲು ಮುಂದೆ ಮಾಡಿ ನಮ್ಮಿಬ್ಬರನ್ನೂ ಕೂಡಿಸಿ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಪ್ರತಿ ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಅದು ಬರೆದಿಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ. “ಇಲ್ಲಿ ಕೂತಾಗ ಬಸವರಾಜ್ ಎಲ್ಲವನ್ನೂ ನಿಧಾನವಾಗಿ ಒತ್ತಿದ್ದಾರೆ,” ಎಂದರು. “ಮನೆಯಲ್ಲಿ ಕೆಲವು ನಿಧಾನ, ಕೆಲವು ಕಣ್ಣು ಮಿಟುಕಿಸುವುದರೊಳಗೆ. ಒಬ್ಬರೇ ಮನುಷ್ಯರು ಎರಡು ಥರ ಒತ್ತುವುದಿಲ್ಲ. ಮನೆಯಲ್ಲಿ ಯಾರಾದರೂ ಜೊತೆಗೆ ಕೂಡುತ್ತಾರಾ?”

ಬಸು ನೆಲ ನೋಡುತ್ತ, “ಮೀಚ್ ಕೇಲಂ, ಮ್ಯಾಡಂ,” ಎಂದ. ಎಲ್ಲ ತಾನೇ ಮಾಡಿದ್ದು ಎಂದು.

ಎಲ್ಲದಕ್ಕೂ ಬಾಯಿ ಹಾಕುವ ನಾನು, ಬಾಯಿ ತೆರೆಯಲೇಬೇಕಾದ ಕಡೆ ತೆರೆಯಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹೊರಗೆ ಜಡಿಮಳೆ. ರಿಕ್ಷಾ ಸಿಗಲಿಲ್ಲ, ಒಂದೇ ಕೊಡೆಯಲ್ಲಿ ನಡೆದೆವು. ಬಸ್ ನಿಲ್ದಾಣದ ಸೂರಿನ ಕೆಳಗೆ ನಿಂತಾಗ ಕೇಳಿದೆ, “ಹಂಗ್ಯಾಕಂದಿ?”

“ಮ್ಯಾಡಂ ನಿಂಗ ಬೈತಾರಂತ.”

“ನಾ ಮಾಡಿದ್ದಕ್ಕ ನೀ ಯಾಕ ಬೈಸ್ಕೋಬೇಕು?”

ನಾನು ಇನ್ನೇನೋ ಹೇಳಲು ಹೊರಟಾಗ ಉತ್ತರ ಬಂತು. “ನೀ ಒತ್ತುವಾಗ ನಾ ಕಣ್ಣ ಮುಚ್ಚತಿದ್ದೆ ಅಕ್ಕಾ. ನೋಡಿದ್ರ ನಂಗ ಬರಂಗಿಲ್ಲ ಅಂತ ಗೊತ್ತಾಗ್ತದ.”

ನಾನು ಇದು ರಸ್ತೆ ಎಂಬುದನ್ನೂ ನೋಡದೆ ಅತ್ತುಬಿಟ್ಟೆ. ಬಸ್ಸು ಬಂತು, ಹೋಯಿತು, ನಾವು ಹತ್ತಲಿಲ್ಲ.

ಮುಂದಿನ ಸಲ ಮೆಟ್ಟಿಲು ಹತ್ತಿದ್ದೇ ತಡ, ಅವನ ಎದುರಿಗೇ ಮೇಡಂಗೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಇಂಥದ್ದು ಬೇರೆ ಮನೆಗಳಲ್ಲೂ ಆಗುತ್ತದೆ, ಒಮ್ಮೆ ಒಬ್ಬರ ತಾಯಿ, ಒಮ್ಮೆ ಒಬ್ಬರ ಹೆಂಡತಿ, ಪ್ರೀತಿ ಇದ್ದವರೇ ಮಾಡುವುದು ಎಂದರು. ಆಮೇಲೆ ತುಸು ನಕ್ಕು, “ಆದರೆ ಅಕ್ಕಾ, ಇಷ್ಟು ದಿನ ಈ ಆಟದಿಂದ ಚುರುಕಾದದ್ದು ನಿಮ್ಮ ತಲೆ,” ಎಂದರು. ಮನೆಯಲ್ಲಿ ಹೇಳಿದಾಗ ಶರಣಪ್ಪನವರು, “ಇಕಿ ಇನ್ನೂ ಚುರುಕಾದ್ರ ನಮ್ಮ ಗತಿ ಏನಪ್ಪಾ ಬಸು?” ಎಂದು ಕೇಳಿದರು. ಎಷ್ಟೋ ದಿನಗಳ ಮೇಲೆ ಬಸುವಿನ ತುಟಿ ಅಲುಗಿತು.

ಹಿಂದಿನ ಅಂಕಗಳನ್ನೆಲ್ಲ ಬದಿಗಿಟ್ಟು ಮೇಡಂ ಮೂರು ತರಕಾರಿಯಿಂದ ಮತ್ತೆ ಶುರು ಮಾಡಿದರು. ಶೇಂದ್ರಾಕ್ಕೆ ಹೋಗುವ ದಿನ ಹತ್ತಿರವಾಗುತ್ತಿತ್ತು, ಅರ್ಧ ಮಳೆಗಾಲ ನನ್ನಿಂದ ನೀರುಪಾಲಾಗಿತ್ತು. ದಿನ ಮುಂದೆ ಹಾಕಿಸಲು ಫೋನ್ ಕೈಗೆತ್ತಿಕೊಂಡೆ. ಬಸು ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟ. “ಬ್ಯಾಡ. ನಾ ಹ್ಯಾಂಗ ಅದೀನೋ ಹಂಗೇ ಹೋಗ್ತೀನಿ.”

ಮನೆಯ ಅಭ್ಯಾಸಕ್ಕೆ ನಾನೇ ಒಂದು ಉಪಾಯ ಕಂಡುಕೊಂಡೆ. ಅವನು ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೇ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತೆ. ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡ ಮೇಲೆ ಮೌಸ್ ಮುಟ್ಟುವ ಮಾತಿಲ್ಲ. ಹಂಚಿನ ಮೇಲೆ ರೊಟ್ಟಿ ಇದ್ದರೆ ಎದ್ದು ಹೋಗುವ ಹಾಗೂ ಇಲ್ಲ. ಒಳಗಿನ ಕೋಣೆಯಿಂದ ಡೊಂಯ್ ಎಂದರೆ ನನ್ನ ಕೈಯೆಲ್ಲ ಜುಮ್ಮೆನ್ನುತ್ತಿತ್ತು, ಸಿಟ್ಟೆಲ್ಲ ರೊಟ್ಟಿಯ ಮೇಲೆ. ಆ ವಾರದ ರೊಟ್ಟಿಗಳಿಗೆ ಗುಂಡನೆಯ ಅಂಚೇ ಇರಲಿಲ್ಲ. ಒಂದನ್ನು ಎತ್ತಿ ಹಿಡಿದು ಶರಣಪ್ಪನವರು ಮಹಾರಾಷ್ಟ್ರದ ನಕಾಶೆ ಎಂದರು. ಒಳಗೆ ಬಸು ಮೇಡಂ ಕಲಿಸಿದ ಹಾಗೆ ತರಕಾರಿಯ ಹೆಸರುಗಳನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದ, ಎರಡೆರಡನ್ನು ಜೋಡಿ ಮಾಡಿ: ಬದನಿಕಾಯಿ ಗಜ್ಜರಿ, ಭೆಂಡಿ ಟಮಾಟಿ. ಡೊಂಯ್ ನಡುವೆ ಟಿಂಗ್, ಟಿಂಗ್ ನಡುವೆ ಡೊಂಯ್. ನವರಾತ್ರಿ ಕಳೆಯುವಾಗ ನಾಲ್ಕಕ್ಕೆ ಬಂದ. ಅಲ್ಲಿಗೇ ನಿಂತ. ಆದರೆ ಆ ನಾಲ್ಕು ಅವನವು.

ತೆರೆಯ ಮೇಲೆ ಕಲಿತದ್ದು ಓಣಿಗೂ ಬರಬೇಕೆಂದು ಮೇಡಂ ಒಂದು ಕೆಲಸ ಕೊಟ್ಟರು: ಚೀಟಿ ಇಲ್ಲದೆ ಮಾರ್ಕೆಟ್ಟಿನಿಂದ ನಾಲ್ಕು ಸಾಮಾನು. ಹೋದವನು ಒಂದು ಗಂಟೆಯಾದರೂ ಬರಲಿಲ್ಲ. ನಾನು ಬಾಲ್ಕನಿಯಲ್ಲಿ ಹೊಲಿಗೆ ಹಿಡಿದು ನಿಂತು ಒಂದೇ ಕಡೆ ನಾಲ್ಕು ಸಲ ಚುಚ್ಚಿದೆ. ಬಂದ. ಚೀಲದಲ್ಲಿ ಮೆಂತ್ಯೆ, ಲಿಂಬೆಹಣ್ಣು, ಸಾಬೂನು.

“ನಾಕನೇದು ನೆನಪಾಗವಲ್ದು,” ಎಂದು ಕೂತ. ನಾನು ಬಾಯಿ ತೆರೆದೆ. “ನೀ ಹೇಳಬ್ಯಾಡ,” ಎಂದ.

ಜೀರಿಗೆ, ಜೀರಿಗೆ ಎಂದು ನನ್ನ ಹೊಟ್ಟೆಯೊಳಗೆ ಯಾರೋ ಕೂಗುತ್ತಿದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಸುಮಾರು ಹೊತ್ತಿನ ಮೇಲೆ ಚಪ್ಪಲಿ ಮೆಟ್ಟುವ ಸದ್ದು ಕೇಳಿಸಿತು. ಅವನು ಮತ್ತೆ ಮೆಟ್ಟಿಲಿಳಿಯುತ್ತಿದ್ದ. ಜೀರಿಗೆಯ ಪೊಟ್ಟಣ ತಂದು ಏನೂ ಹೇಳದೆ ಒಲೆಯ ಪಕ್ಕ ಇಟ್ಟ. ಅವತ್ತು ಸಾರಿಗೆ ಬೇಕಿದ್ದದ್ದಕ್ಕಿಂತ ಎರಡು ಪಟ್ಟು ಜೀರಿಗೆ ಹಾಕಿದೆ.

ದೀಪಾವಳಿ ಮುಗಿದ ಮರುವಾರ ನಾವಿಬ್ಬರೂ ಮುಂಜಾನೆಯ ಬಸ್ಸು ಹಿಡಿದೆವು. ನಿಫಾಡ ದಾಟುವಾಗ ಕತ್ತರಿಸಿದ್ದ ದ್ರಾಕ್ಷಿ ಬಳ್ಳಿಗಳೆಲ್ಲ ಹೊಸದಾಗಿ ಚಿಗುರಿದ್ದವು, ಈರುಳ್ಳಿ ತುಂಬಿದ ಟ್ರಾಕ್ಟರುಗಳು ರಸ್ತೆಗೆ ಅಡ್ಡ. ಸಂಭಾಜಿನಗರದಲ್ಲಿ ಇಳಿದು ಜಾಲ್ನಾ ರಸ್ತೆಯ ಶೇರ್ ರಿಕ್ಷಾ ಹಿಡಿದು ಶೇಂದ್ರಾ ತಲುಪಿದಾಗ ಹನ್ನೊಂದು ಗಂಟೆ.

ಜಾಧವ್ ಸಾಹೇಬರು ಅವಸರದ ಮನುಷ್ಯ, ನನ್ನ ಹಾಗೇ. ಗೇಟಿನ ಪಕ್ಕದ ಸಣ್ಣ ಆಫೀಸಿನಲ್ಲಿ ನಮ್ಮನ್ನು ಕೂಡಿಸಿ ಮರಾಠಿಯಲ್ಲಿ ಕೇಳಿದರು, “ಹೇಗಿದ್ದಾನೆ ಈಗ? ಯಾವ ಕೆಲಸ ಕೊಟ್ಟರೂ ಮಾಡುತ್ತಾನಾ? ರಾತ್ರಿ ಪಾಳಿ ಆಗುತ್ತದಾ?” ಕೇಳಿದ್ದು ಅವನ ಬಗ್ಗೆ, ನೋಡಿದ್ದು ನನ್ನನ್ನು. ಡಾಕ್ಟರು, ನೆಂಟರು, ಅಂಗಡಿಯವರು, ಎಲ್ಲರೂ ಹಾಗೇ ನೋಡುತ್ತಿದ್ದರು, ನಾನೂ ಹಾಗೇ ಉತ್ತರ ಕೊಡುತ್ತಿದ್ದೆ. ಹೌದು ಸಾಹೇಬ್ರೆ, ಎಲ್ಲಾ ಮಾಡುತ್ತಾನೆ ಎಂಬ ಮಾತು ತುಟಿಗೆ ಬಂದಿತ್ತು. ನುಂಗಿಕೊಂಡೆ. “ಅವನನ್ನೇ ಕೇಳಿ ಸಾಹೇಬ್ರೆ,” ಎಂದೆ.

ಅವರು ಬಸುವಿನ ಕಡೆ ತಿರುಗಿದರು. ಬಸು ಸುಮ್ಮನೆ ಕೂತಿದ್ದ. ಸಾಹೇಬರು ಪೆನ್ನಿನಿಂದ ಮೇಜು ಕುಟ್ಟಿದರು, ಗಡಿಯಾರ ನೋಡಿದರು, ಮತ್ತೆ ನನ್ನನ್ನು ನೋಡಿದರು. ನಾನು ಕಿಟಕಿಯ ಆಚೆ ನೋಡಿದೆ. ಈಗ ಎದ್ದು ಹೋಗಿ ಎನ್ನುತ್ತಾರೆ, ಇಷ್ಟೆಲ್ಲ ಮಾಡಿದ್ದು ಮಣ್ಣುಪಾಲು ಎಂದುಕೊಂಡೆ.

“ರಾತ್ರಿ ಪಾಳಿ ಆಗುವುದಿಲ್ಲ, ಸಾಹೇಬ್,” ಎಂದ ಬಸು. ಒಂದೊಂದೇ ಮಾತು, ಸಣ್ಣ ದನಿ. “ರಾತ್ರಿ ಮಾತ್ರೆ ಇದೆ, ನಿದ್ದೆ ಬರುತ್ತದೆ. ಹಗಲು ಮಾಡುತ್ತೇನೆ. ನನಗೆ ಹೊತ್ತು ಹಿಡಿಯುತ್ತದೆ. ಕೆಲಸವನ್ನು ಒಮ್ಮೆ ಹೇಳಿ, ನಾನು ಅದನ್ನೇ ತಿರುಗಿ ನಿಮಗೆ ಹೇಳಿ ತೋರಿಸುತ್ತೇನೆ. ಆಮೇಲೆ ಶುರು ಮಾಡುತ್ತೇನೆ.”

ಸಾಹೇಬರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಹೋದ ಸಲ ರಾತ್ರಿ ಪಾಳಿಯೂ ಆಗುತ್ತದೆ ಅಂದಿದ್ದಿರಲ್ಲ? ಅದನ್ನೇ ನಂಬಿ ಹಾಕಿದ್ದೆ. ಒಂದು ವಾರ ನಿಲ್ಲಲಿಲ್ಲ ಇವನು.”

ಕಾಯಿಲೆಯ ನಂತರ ಅವನು ಮೊದಲ ಸಲ ಕೆಲಸಕ್ಕೆ ಮರಳಿದಾಗ ಫೋನಿನಲ್ಲಿ ಹಾಗೆ ಹೇಳಿದವಳು ನಾನು. ಬಸುವನ್ನು ಒಂದು ಮಾತು ಕೇಳದೆ ಹೇಳಿದ್ದೆ.

ಅಳತೆ ನೋಡುವ ಹಳೆಯ ಜಾಗ ಸಿಗಲಿಲ್ಲ. ಪ್ಯಾಕಿಂಗ್ ವಿಭಾಗ, ಹಗಲು ಪಾಳಿ, ಸೋಮವಾರದಿಂದ, ಒಂದು ತಿಂಗಳು ನೋಡೋಣ ಎಂದರು. ಆ ತಿಂಗಳು ಮುಗಿದು ಮುಂದೆ ಎಷ್ಟೋ ತಿಂಗಳು ಕಳೆದಿವೆ, ಅವನು ಈಗಲೂ ಅಲ್ಲೇ ಇದ್ದಾನೆ. ಕೆಟ್ಟ ದಿನಗಳು ಬರುತ್ತವೆ, ರಜೆ ಹಾಕುತ್ತಾನೆ, ಮತ್ತೆ ಹೋಗುತ್ತಾನೆ. ಆದರೆ ಆ ಆಫೀಸಿನಿಂದ ಎದ್ದು ಬರುವಾಗ ಇದೆಲ್ಲ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಆ ಉತ್ತರ ಕೊಡಲು ಅವನಿಗೆ ಬೇಕಾದದ್ದು ಹೆಚ್ಚೆಂದರೆ ಒಂದು ನಿಮಿಷ. ಇಪ್ಪತ್ತು ವರ್ಷ ಸಾಕಿ ಸಲಹಿದ ನಾನು ಆ ಒಂದು ನಿಮಿಷವನ್ನು ಅವನಿಗೆ ಒಮ್ಮೆಯೂ ಬಿಟ್ಟುಕೊಟ್ಟಿರಲಿಲ್ಲ.